ಐದು ಕಿಂಡಿ ಬಿಟ್ಟ ಎಂಜಿನಿಯರ್

ಕಂಪ್ಯೂಟರ್ ಲೋಕದ ದೊಡ್ಡವರ ಹೆಸರು ಹೇಳಿ ಎಂದರೆ ನಾವೆಲ್ಲ ಸ್ಟೀವ್ ಜಾಬ್ಸ್, ಬಿಲ್ ಗೇಟ್ಸ್ ಎಂದು ಶುರುಮಾಡಿ ನಾರಾಯಣಮೂರ್ತಿಯವರ ಹತ್ತಿರ ಬಂದು ನಿಲ್ಲುತ್ತೇವೆ. ಡಾನ್ ಎಸ್ಟ್ರಿಜ್ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಆದರೆ ಒಂದು ಕಾಲಕ್ಕೆ ಇವರು ಅಮೆರಿಕದ ಪತ್ರಿಕೆಗಳಲ್ಲಿ ಐಬಿಎಂ ಪಿಸಿಯ ಪಿತಾಮಹ ಎಂದೇ ಹೆಸರಾಗಿದ್ದವರು. ತೀರಿಕೊಂಡು ನಲವತ್ತು ವರ್ಷವಾಯಿತು. ನಮ್ಮ ಕಾಲೇಜಿನ ಲ್ಯಾಬಿನಲ್ಲಿರುವ ಯಾವುದೇ ಡೆಸ್ಕ್‌ಟಾಪಿನ ಹಿಂಭಾಗ ನೋಡಿ. ಉದ್ದುದ್ದ ತಗಡಿನ ಪಟ್ಟಿಗಳು ಸಾಲಾಗಿ ಕಾಣುತ್ತವಲ್ಲ, ಅವುಗಳ ಹಿಂದೆ ಖಾಲಿ ಸ್ಲಾಟುಗಳಿರುತ್ತವೆ. ಬೇಕೆಂದಾಗ ಗ್ರಾಫಿಕ್ಸ್ ಕಾರ್ಡೋ ಮತ್ತೊಂದೋ ತಂದು ಅಲ್ಲಿ ಚುಚ್ಚಬಹುದು. ಈ ಕಿಂಡಿಗಳು ಪಿಸಿಯಲ್ಲಿ ಉಳಿದುಕೊಂಡದ್ದರ ಹಿಂದೆ ಎಸ್ಟ್ರಿಜ್ ಅವರ ಒಂದು ತೀರ್ಮಾನವಿದೆ. ಪರದೆಯ ಮೇಲೆ ಕನ್ನಡ ಮೂಡಿದ್ದಕ್ಕೂ ಆ ತೀರ್ಮಾನಕ್ಕೂ ನಂಟಿದೆ. ಅದನ್ನು ಹೇಳುವ ಮೊದಲು ಅವರ ಬದುಕನ್ನು ಒಂದಿಷ್ಟು ನೋಡೋಣ.

ಫಿಲಿಪ್ ಡೊನಾಲ್ಡ್ ಎಸ್ಟ್ರಿಜ್ ಹುಟ್ಟಿದ್ದು 1937ರ ಜೂನ್ 23ರಂದು, ಫ್ಲಾರಿಡಾದ ಜಾಕ್ಸನ್‌ವಿಲ್ ಎಂಬ ಊರಿನಲ್ಲಿ. ಅಪ್ಪ ವೃತ್ತಿಯಲ್ಲಿ ಫೋಟೊಗ್ರಾಫರ್. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದ್ದು 1959ರಲ್ಲಿ. ಕೋರ್ಸ್ ಮುಗಿಯುವ ಮೊದಲೇ ಮೇರಿ ಆನ್ ಅವರೊಂದಿಗೆ ಮದುವೆಯಾಗಿತ್ತು. ಮುಂದೆ ನಾಲ್ವರು ಹೆಣ್ಣುಮಕ್ಕಳು. ಹೇಳಿಕೊಳ್ಳುವಂಥ ಶ್ರೀಮಂತಿಕೆ ಇರಲಿಲ್ಲ, ಗ್ಯಾರೇಜಿನಲ್ಲಿ ಕಂಪನಿ ಕಟ್ಟಿದ ಕಥೆಯೂ ಇಲ್ಲ. ಡಿಗ್ರಿ ಹಿಡಿದು ಕೆಲಸಕ್ಕೆ ಸೇರಿದ ಒಬ್ಬ ಎಂಜಿನಿಯರ್, ಅಷ್ಟೆ. ಸೇನೆಗಾಗಿ ಕಂಪ್ಯೂಟರ್ ಆಧಾರಿತ ರಾಡಾರ್ ವ್ಯವಸ್ಥೆಯ ಕೆಲಸ ಮಾಡಿದರು, ಐಬಿಎಂನಲ್ಲಿದ್ದರು, ನಾಸಾದ ಗೊಡ್ಡಾರ್ಡ್ ಕೇಂದ್ರದ ಕೆಲಸಗಳಲ್ಲೂ ತೊಡಗಿದ್ದರು. 1969ರಲ್ಲಿ ಫ್ಲಾರಿಡಾದ ಸಮುದ್ರ ತೀರದ ಬೋಕಾ ರೇಟನ್ ಊರಿನ ಐಬಿಎಂ ಕಚೇರಿಗೆ ಬಂದರು. ಅಲ್ಲಿಂದ ಮುಂದಿನ ಹತ್ತು ವರ್ಷ ದೊಡ್ಡ ಸುದ್ದಿಯಿಲ್ಲ. ಸೀರೀಸ್/1 ಎಂಬ ಮಿನಿ ಕಂಪ್ಯೂಟರ್ ತಂಡದಲ್ಲಿ ಮ್ಯಾನೇಜರ್ ಆಗಿದ್ದರು. ಮೂವತ್ತಕ್ಕೇ ಎಲ್ಲ ಸಾಧಿಸಿಬಿಡಬೇಕು ಎಂಬ ಧಾವಂತದಲ್ಲಿರುವ ನಮಗೆ ಈ ಭಾಗ ಬೇಸರ ತರಿಸಬಹುದು. ಅವರ ಬದುಕಿನ ಮುಖ್ಯ ಕೆಲಸ ಶುರುವಾದದ್ದು ನಲವತ್ತಮೂರನೆಯ ವಯಸ್ಸಿನಲ್ಲಿ.

ಆಗ ಐಬಿಎಂ ಎಂದರೆ ಆನೆ. ಕೋಣೆ ತುಂಬುವ ಮೇನ್‌ಫ್ರೇಮುಗಳು, ಅವುಗಳಿಗೆ ಬೇಕಾದ ಬಿಡಿಭಾಗವೆಲ್ಲ ತನ್ನದೇ, ಸಾಫ್ಟ್‌ವೇರ್ ತನ್ನದೇ, ಮಾರುವವರೂ ತನ್ನವರೇ. ಹೊಸ ಯಂತ್ರವೊಂದನ್ನು ಯೋಚಿಸಿ ಮಾರುಕಟ್ಟೆಗೆ ತರಲು ಅಲ್ಲಿ ಹಲವು ವರ್ಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಆಪಲ್ II ತರಹದ ಪುಟ್ಟ ಯಂತ್ರಗಳು ಜನರ ಮೇಜಿನ ಮೇಲೆ ಬಂದು ಕೂತಿದ್ದವು. 1980ರಲ್ಲಿ ಬಿಲ್ ಲೋವ್ ಎಂಬ ಅಧಿಕಾರಿ ಮೇಲಿನವರ ಮುಂದೆ ಹೋಗಿ, ಒಂದು ವರ್ಷದಲ್ಲಿ ಸಣ್ಣ ಕಂಪ್ಯೂಟರ್ ಮಾಡಿ ತೋರಿಸುತ್ತೇವೆ, ಆದರೆ ನಮ್ಮ ಕಂಪನಿಯ ಪದ್ಧತಿಯಲ್ಲಿ ಹೋದರೆ ಆಗುವುದಿಲ್ಲ ಎಂದು ಒಪ್ಪಿಸಿದರು. ಹನ್ನೆರಡು ಮಂದಿಯ ಆಸುಪಾಸಿನ ಸಣ್ಣ ತಂಡ ಸಿದ್ಧವಾಯಿತು. ಲೋವ್ ಅವರಿಗೆ ಬಡ್ತಿ ಸಿಕ್ಕಿ ಬೇರೆಡೆ ಹೋದಾಗ ಹೊಣೆ ಬಿದ್ದದ್ದು ಎಸ್ಟ್ರಿಜ್ ಮೇಲೆ. ಯಂತ್ರಕ್ಕೆ ಇಟ್ಟ ಗುಟ್ಟಿನ ಹೆಸರು ಏಕಾರ್ನ್. ಕೇಂದ್ರ ಕಚೇರಿ ಇದ್ದದ್ದು ನ್ಯೂಯಾರ್ಕ್ ಹತ್ತಿರದ ಆರ್ಮಂಕ್‌ನಲ್ಲಿ, ಸಾವಿರದ ಐನೂರು ಕಿಲೋಮೀಟರಿಗೂ ಆಚೆ. ಆ ದೂರವೂ ಒಂದು ಅನುಕೂಲವೇ ಆಯಿತು ಎಂದು ನನಗನ್ನಿಸುತ್ತದೆ.

ಒಂದು ವರ್ಷ ಎಂದರೆ ಎಲ್ಲವನ್ನೂ ಹೊಸದಾಗಿ ಕಟ್ಟುವ ಮಾತೇ ಇಲ್ಲ. ಆದ್ದರಿಂದ ಪ್ರೊಸೆಸರನ್ನು ಇಂಟೆಲ್‌ನಿಂದ ತಂದರು, ಅದು 8088 ಚಿಪ್. ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್ ಎಂಬ ಆಗಿನ್ನೂ ಚಿಕ್ಕದಾಗಿದ್ದ ಕಂಪನಿಯಿಂದ ಬಂತು. ಪ್ರಿಂಟರ್ ಎಪ್ಸನ್ ಕಂಪನಿಯದು. ಮಾರಾಟಕ್ಕೆ ಕಂಪ್ಯೂಟರ್‌ಲ್ಯಾಂಡ್, ಸಿಯರ್ಸ್‌ನಂಥ ಅಂಗಡಿಗಳು. ಒಳಗಿನ ಸರ್ಕೀಟಿನ ವಿನ್ಯಾಸದಲ್ಲಿ ಲೂಯಿಸ್ ಎಗ್ಗೆಬ್ರೆಕ್ಟ್, ಡೇವ್ ಬ್ರಾಡ್ಲಿಯಂಥವರು ದುಡಿದರು. ಇಂದಿಗೂ ಯಂತ್ರ ಹ್ಯಾಂಗ್ ಆದಾಗ ನಾವು ಒತ್ತುವ ಕಂಟ್ರೋಲ್-ಆಲ್ಟ್-ಡಿಲೀಟ್ ಇದೇ ಬ್ರಾಡ್ಲಿಯವರದು. ಹೀಗೆ ನೋಡಿದರೆ ಪಿಸಿಯಲ್ಲಿ ಎಸ್ಟ್ರಿಜ್ ಸ್ವಂತ ಕೈಯಿಂದ ಕಂಡುಹಿಡಿದದ್ದು ಇದು ಎಂದು ತೋರಿಸಲು ಏನೂ ಇಲ್ಲ. ಯಾವುದನ್ನು ನಾವು ಮಾಡಬೇಕು, ಯಾವುದನ್ನು ಬೇರೆಯವರಿಗೆ ಬಿಡಬೇಕು ಎಂದು ನಿರ್ಧರಿಸಿ, ಅದಕ್ಕೆ ಕಂಪನಿಯೊಳಗಿನ ವಿರೋಧವನ್ನು ತಡೆದುಕೊಂಡದ್ದು ಅವರ ಕೆಲಸ.

ಆ ನಿರ್ಧಾರಗಳಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಪರದೆಯ ವಿಷಯ.

ಆಪಲ್ II ಯಂತ್ರದಲ್ಲೂ ಸ್ಲಾಟುಗಳಿದ್ದವು, ಎಂಟು. ಆದರೆ ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗ ಮುಖ್ಯ ಬೋರ್ಡಿನಲ್ಲೇ ಸೇರಿಹೋಗಿತ್ತು. ಐಬಿಎಂ ಪಿಸಿಯಲ್ಲಿ ಹಾಗಿಲ್ಲ. ಮುಖ್ಯ ಬೋರ್ಡಿನ ಮೇಲೆ ಐದು ಸ್ಲಾಟು, ಪ್ರತಿಯೊಂದರಲ್ಲೂ 62 ಸಂಪರ್ಕಗಳು. ಪರದೆಗೆ ಬೇಕಾದ ಸರ್ಕೀಟು ಅದರಲ್ಲಿ ಚುಚ್ಚುವ ಪ್ರತ್ಯೇಕ ಕಾರ್ಡಿನಲ್ಲಿ. ಕಾರ್ಡ್ ಇಲ್ಲದಿದ್ದರೆ ಯಂತ್ರ ಕುರುಡು. ಕೊಂಡವರಿಗೆ ಇದು ಕಿರಿಕಿರಿಯೇ, ದುಡ್ಡು ಹೆಚ್ಚು ಕೊಡಬೇಕು. ಫ್ಲಾಪಿಯ ಕಾರ್ಡಿಗೆ ಒಂದು ಸ್ಲಾಟು, ಪರದೆಯ ಕಾರ್ಡಿಗೆ ಒಂದು ಹೋದರೆ ಉಳಿಯುವುದು ಮೂರೇ. ಆದರೆ ಪರದೆಯ ಗುಣಮಟ್ಟ ಯಾವತ್ತೂ ಯಂತ್ರಕ್ಕೆ ಕಟ್ಟುಬೀಳಲಿಲ್ಲ. ಕಾರ್ಡ್ ಬದಲಿಸಿದರೆ ಪರದೆ ಬದಲು.

1981ರ ಆಗಸ್ಟ್ 12ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಪಿಸಿ ಬಿಡುಗಡೆಯಾಯಿತು. ಆರಂಭದ ಬೆಲೆ 1,565 ಡಾಲರ್, ಅದರಲ್ಲಿ ಸಿಗುತ್ತಿದ್ದ ಮೆಮೊರಿ 16 ಕಿಲೋಬೈಟ್. ಇಂದಿನ ಒಂದು ವಾಟ್ಸ್‌ಆ್ಯಪ್ ಸ್ಟಿಕ್ಕರ್ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಜೊತೆಗೆ ಎರಡು ಬಗೆಯ ಪರದೆ ಕಾರ್ಡುಗಳು. ಕಚೇರಿಯವರಿಗೆ ಒಂದು, ಮನೆಯವರಿಗೆ ಒಂದು.

ಕಚೇರಿಯದು ಎಂಡಿಎ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಬೇರೆ ಬಣ್ಣವಿಲ್ಲ, ಚಿತ್ರವಿಲ್ಲ. ಅಡ್ಡ ಸಾಲಿಗೆ 80 ಅಕ್ಷರ, ಮೇಲಿಂದ ಕೆಳಗೆ 25 ಸಾಲು. ಇದು ಕೆಲಸ ಮಾಡುತ್ತಿದ್ದ ರೀತಿ ತಿಳಿದರೆ ಆ ಕಾಲದ ಎಂಜಿನಿಯರುಗಳ ಜಿಪುಣತನದ ಬಗ್ಗೆ ಗೌರವ ಹುಟ್ಟುತ್ತದೆ. 80ನ್ನು 25ರಿಂದ ಗುಣಿಸಿದರೆ 2,000 ಅಕ್ಷರ. ಪ್ರತಿ ಅಕ್ಷರಕ್ಕೆ ಎರಡು ಬೈಟು. ಒಂದರಲ್ಲಿ ಯಾವ ಅಕ್ಷರ ಎಂಬ ಸಂಖ್ಯೆ, ಇನ್ನೊಂದರಲ್ಲಿ ಅದು ದಪ್ಪವೋ ಅಡಿಗೆರೆಯದೋ ಮಿನುಗಬೇಕೋ ಎಂಬ ಸೂಚನೆ. ಒಟ್ಟು 4,000 ಬೈಟು, ಅಂದರೆ ಕಾರ್ಡಿನಲ್ಲಿ 4 ಕಿಲೋಬೈಟ್ ಮೆಮೊರಿ ಇದ್ದರೆ ಇಡೀ ಪರದೆ ತುಂಬುತ್ತದೆ. ಮೋಟೊರೋಲಾದ 6845 ಎಂಬ ಚಿಪ್ ಆ ಸಂಖ್ಯೆಗಳನ್ನು ಸೆಕೆಂಡಿಗೆ ಐವತ್ತು ಸಲ ಮೊದಲಿಂದ ಕೊನೆಯವರೆಗೆ ಓದುತ್ತ ಹೋಗುತ್ತದೆ. 65 ಎಂದು ಕಂಡರೆ, ಪಕ್ಕದ ಇನ್ನೊಂದು ಚಿಪ್ಪಿನಲ್ಲಿ ಕೊರೆದಿಟ್ಟಿರುವ ಇಂಗ್ಲಿಷಿನ ದೊಡ್ಡ ಎ ಅಕ್ಷರದ ಚುಕ್ಕಿಗಳನ್ನು ತೆಗೆದು ಪಿಕ್ಚರ್ ಟ್ಯೂಬಿಗೆ ಕಳಿಸುತ್ತದೆ. ಹಿಟ್ಟಿನ ರಂಗೋಲಿಗೆ ಅಚ್ಚು ಇಟ್ಟುಕೊಂಡ ಹಾಗೆ. ಪ್ರತಿ ಅಕ್ಷರಕ್ಕೂ ಅಡ್ಡ 9, ಉದ್ದ 14 ಚುಕ್ಕಿಗಳ ಚೌಕಟ್ಟು. ಒಟ್ಟು ಪರದೆ 720 ಅಡ್ಡ, 350 ಉದ್ದ. ಪ್ರತಿ ಚುಕ್ಕಿಯನ್ನೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳಬೇಕೆಂದಿದ್ದರೆ 31,500 ಬೈಟು ಬೇಕಾಗುತ್ತಿತ್ತು, ಅಂದರೆ ಯಂತ್ರದ ಆರಂಭದ ಮೆಮೊರಿಯ ಎರಡು ಪಟ್ಟು. ಆದ್ದರಿಂದ ಅಚ್ಚೇ ಗತಿ. ಇದೇ ಕಾರ್ಡಿನಲ್ಲಿ ಪ್ರಿಂಟರ್ ಜೋಡಿಸುವ ಜಾಗವನ್ನೂ ಕೂಡಿಸಿ ಒಂದು ಸ್ಲಾಟು ಉಳಿಸಿದ್ದರು.

ಮನೆಯವರ ಕಾರ್ಡು ಸಿಜಿಎ. ಇದರಲ್ಲಿ ಬಣ್ಣವಿತ್ತು, ಚಿತ್ರ ಬರೆಯಬಹುದಿತ್ತು. 320 ಅಡ್ಡ, 200 ಉದ್ದ, ಒಮ್ಮೆಗೆ ನಾಲ್ಕೇ ಬಣ್ಣ. ಹೆಚ್ಚು ಸೂಕ್ಷ್ಮ ಚಿತ್ರ ಬೇಕೆಂದರೆ 640 ಅಡ್ಡ, ಆದರೆ ಎರಡೇ ಬಣ್ಣ. ನಾಲ್ಕು ಬಣ್ಣವೂ ನಮಗಿಷ್ಟವಾದದ್ದಲ್ಲ. ಹಳೆಯ ಡಾಸ್ ಗೇಮುಗಳ ವಿಡಿಯೊ ನೋಡಿದರೆ ಎಲ್ಲವೂ ತಿಳಿನೀಲಿ, ಗುಲಾಬಿ, ಬಿಳಿಯಲ್ಲಿ ಕಾಣುತ್ತದಲ್ಲ, ಅದು ಈ ಕಾರ್ಡಿನ ಪ್ರಸಾದ. ಅಕ್ಷರಗಳು ಎಂಟಕ್ಕೆ ಎಂಟು ಚುಕ್ಕಿಯವು, ದಿನವಿಡೀ ಓದಿದರೆ ಕಣ್ಣು ಉರಿ. ಪ್ರೊಸೆಸರ್ ಕಾರ್ಡಿನ ಮೆಮೊರಿಗೆ ಬರೆಯುವಾಗಲೇ ಕಾರ್ಡು ಓದಲು ಹೋದರೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಉದುರುತ್ತಿದ್ದವು, ಹಿಮ ಬಿದ್ದಂತೆ. ಮನೆಯ ಟಿವಿಗೇ ಜೋಡಿಸಬಹುದು ಎಂಬುದು ಇದರ ದೊಡ್ಡ ಆಕರ್ಷಣೆ.

ಟಿವಿಯ ಈ ಆಸೆ ಪಿಸಿಯ ಎದೆಬಡಿತವನ್ನೇ ನಿರ್ಧರಿಸಿತು ಎಂಬುದು ಎಲೆಕ್ಟ್ರಾನಿಕ್ಸ್ ಓದುವವರಿಗೆ ಇಷ್ಟವಾಗಬಹುದು. ಅಮೆರಿಕದ ಬಣ್ಣದ ಟಿವಿ ಪದ್ಧತಿಗೆ 3.58 ಮೆಗಾಹರ್ಟ್ಸ್‌ನ ಒಂದು ಸಂಕೇತ ಬೇಕು. ಅದಕ್ಕಾಗಿ ಬೋರ್ಡಿನ ಮೇಲೆ 14.318 ಮೆಗಾಹರ್ಟ್ಸ್‌ನ ಸ್ಫಟಿಕವೊಂದನ್ನು ಇಟ್ಟರು. ಅದನ್ನು ನಾಲ್ಕರಿಂದ ಭಾಗಿಸಿದರೆ ಟಿವಿಯ ಸಂಕೇತ, ಮೂರರಿಂದ ಭಾಗಿಸಿದರೆ ಪ್ರೊಸೆಸರಿನ ವೇಗ. ಹಾಗಾಗಿ 5 ಮೆಗಾಹರ್ಟ್ಸ್‌ವರೆಗೆ ಓಡಬಲ್ಲ ಚಿಪ್ಪು 4.77ರಲ್ಲಿ ಓಡಿತು. ಒಂದೇ ಸ್ಫಟಿಕದಲ್ಲಿ ಎರಡು ಕೆಲಸ. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಆರಿಸಿಕೊಂಡದ್ದು ಪಾಲ್ ಎಂಬ ಬೇರೆಯೇ ಪದ್ಧತಿ, ಆದ್ದರಿಂದ ಇಲ್ಲಿನ ಟಿವಿಗೆ ಈ ಲೆಕ್ಕಾಚಾರದ ಪ್ರಯೋಜನವಾಗಲಿಲ್ಲ. ಆದರೂ 4.77ರ ಯಂತ್ರಗಳು ನಮ್ಮ ದೇಶಕ್ಕೂ ಬಂದವು.

ಈಗ ಎಸ್ಟ್ರಿಜ್ ಅವರ ಇನ್ನೊಂದು ತೀರ್ಮಾನಕ್ಕೆ ಬರೋಣ. ಸ್ಲಾಟು ಬಿಟ್ಟರಷ್ಟೇ ಸಾಲದು, ಅದರ 62 ಸಂಪರ್ಕಗಳಲ್ಲಿ ಯಾವುದು ಏನು ಎಂದು ಹೊರಗಿನವರಿಗೆ ಗೊತ್ತಾಗಬೇಕು. ಐಬಿಎಂ ಒಂದು ಟೆಕ್ನಿಕಲ್ ರೆಫರೆನ್ಸ್ ಪುಸ್ತಕವನ್ನು ಅಚ್ಚು ಹಾಕಿಸಿ ಮಾರಾಟಕ್ಕಿಟ್ಟಿತು. ಅದರಲ್ಲಿ ಸರ್ಕೀಟ್ ನಕ್ಷೆಗಳಿದ್ದವು, ಯಂತ್ರ ಎದ್ದೇಳುವಾಗ ಓಡುವ ಬಯಾಸ್ ಪ್ರೋಗ್ರಾಮಿನ ಸಾಲುಗಳೂ ಇದ್ದವು. ಗುಟ್ಟಿಗೇ ಹೆಸರಾಗಿದ್ದ ಕಂಪನಿಯಿಂದ ಇಂಥ ಪುಸ್ತಕ! ಇದನ್ನು ಬರೀ ಉದಾರತೆ ಎಂದು ಹೊಗಳುವುದು ತಪ್ಪಾದೀತು. ಒಂದು ವರ್ಷದ ಗಡುವಿನಲ್ಲಿ ಎಲ್ಲ ಕಾರ್ಡುಗಳನ್ನೂ ಎಲ್ಲ ಪ್ರೋಗ್ರಾಮುಗಳನ್ನೂ ತಾವೇ ಮಾಡಲಾರೆವು, ಬೇರೆಯವರು ಮಾಡಿದರೆ ನಮ್ಮ ಯಂತ್ರವೇ ಹೆಚ್ಚು ಮಾರಾಟವಾಗುತ್ತದೆ ಎಂಬ ವ್ಯಾಪಾರದ ಲೆಕ್ಕ ಅದು. ಆದರೆ ಗಡುವು ಮುಗಿದು ಪಿಸಿ ಬಿಸಿದೋಸೆಯಂತೆ ಖರ್ಚಾಗತೊಡಗಿದ ಮೇಲೆ ಬಾಗಿಲು ಮುಚ್ಚಬಹುದಿತ್ತು. ಎಸ್ಟ್ರಿಜ್ ಇದ್ದಷ್ಟು ದಿನ ಮುಚ್ಚಲಿಲ್ಲ. 1983ರ ಪಿಸಿ ಎಕ್ಸ್‌ಟಿ ಯಂತ್ರದಲ್ಲಿ ಸ್ಲಾಟು ಎಂಟಾದವು. ಅವರಿಗೆ ಸಲ್ಲಬೇಕಾದ ಶ್ರೇಯ ಇದು ಎಂಬುದು ನನ್ನ ಅಭಿಪ್ರಾಯ.

ಆ ಕಿಂಡಿಯಲ್ಲಿ ಮೊದಲು ಕೈಹಾಕಿದವರಲ್ಲಿ ವಾನ್ ಸುವನ್ನುಕುಲ್ ಎಂಬವರು ಒಬ್ಬರು. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಹೋಗಿದ್ದ ವಿದ್ಯಾರ್ಥಿ. ತಮ್ಮ ಸಂಶೋಧನಾ ಪ್ರಬಂಧವನ್ನು ಪಿಸಿಯಲ್ಲಿ ಥಾಯ್ ಲಿಪಿಯಲ್ಲಿ ಬರೆಯಬೇಕೆಂಬ ಆಸೆ. ಎಂಡಿಎ ಕಾರ್ಡಿನ ಅಚ್ಚುಗಳಲ್ಲಿ ಥಾಯ್ ಇಲ್ಲ, ಸಿಜಿಎ ಕಾರ್ಡಿನ ಒರಟು ಚುಕ್ಕಿಗಳಲ್ಲಿ ಆ ಲಿಪಿಯ ಮೇಲಿನ ಗುರುತು, ಕೆಳಗಿನ ಗುರುತು ನಿಲ್ಲುವುದಿಲ್ಲ. ಅವರೇ ಒಂದು ಕಾರ್ಡು ಮಾಡಿದರು. 1982ರಲ್ಲಿ ಬಂದ ಆ ಹರ್ಕ್ಯುಲಿಸ್ ಕಾರ್ಡಿನಲ್ಲಿ ಅದೇ ಹಸಿರು ಪರದೆಯ ಮೇಲೆ 720 ಅಡ್ಡ, 348 ಉದ್ದದ ಪ್ರತಿ ಚುಕ್ಕಿಯನ್ನೂ ಬೇಕಾದಂತೆ ಬೆಳಗಿಸಬಹುದಿತ್ತು. ಐಬಿಎಂ ಮಾಡದೇ ಬಿಟ್ಟದ್ದನ್ನು ಒಬ್ಬ ವಿದ್ಯಾರ್ಥಿ ಮಾಡಿದ. ಅದು ಎಷ್ಟು ಹಬ್ಬಿತೆಂದರೆ ಐಬಿಎಂನದಲ್ಲದಿದ್ದರೂ ಹರ್ಕ್ಯುಲಿಸ್ ಒಂದು ಮಾನದಂಡವೇ ಆಗಿಹೋಯಿತು, ಭಾರತದ ಕಚೇರಿಗಳಲ್ಲೂ ಆ ಬಗೆಯ ಕಾರ್ಡುಗಳು ತುಂಬಿದವು.

ಎಂಡಿಎ ಕಾರ್ಡಿನ ಆ ಅಚ್ಚಿನ ಚಿಪ್ಪಿನಲ್ಲಿ ಜಾಗವಿದ್ದದ್ದು 256 ಅಕ್ಷರಕ್ಕೆ. ಇಂಗ್ಲಿಷ್, ಯುರೋಪಿನ ಕೆಲವು ಅಕ್ಷರಗಳು, ಕೆಲವು ಗ್ರೀಕ್, ಪೆಟ್ಟಿಗೆ ಬರೆಯುವ ಗೆರೆಗಳು ಇದ್ದವು. ನಗುವ ಮುಖ, ಇಸ್ಪೀಟಿನ ಆಟೀನು ಕೂಡ ಇದ್ದವು! ಭಾರತದ ಒಂದು ಲಿಪಿಯೂ ಇರಲಿಲ್ಲ. ಇಟ್ಟಿದ್ದರೂ ಹಿಡಿಸುತ್ತಿರಲಿಲ್ಲ ಅನ್ನಿ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಬರೆದರೇ ಲೆಕ್ಕ ಐನೂರರ ಹತ್ತಿರ ಹೋಗುತ್ತದೆ, ಒತ್ತಕ್ಷರ ಸೇರಿದರೆ ಸಾವಿರ ದಾಟುತ್ತದೆ. ರಾಷ್ಟ್ರ ಎಂಬ ಪದದ ಕೊನೆಯ ಅಕ್ಷರವನ್ನು, ಸ್ತ್ರೀ ಎಂಬುದನ್ನು 14 ಚುಕ್ಕಿ ಎತ್ತರದ ಚೌಕದಲ್ಲಿ ಬರೆಯಲು ಗ್ರಾಫ್ ಹಾಳೆ ಹಿಡಿದು ಪ್ರಯತ್ನಿಸಿ ನೋಡಿ, ಆಗ ಕಷ್ಟ ತಿಳಿಯುತ್ತದೆ. ಜೊತೆಗೆ ಇಂಗ್ಲಿಷಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಟ್ಟರೆ ನಡೆಯುತ್ತದೆ. ನಮ್ಮಲ್ಲಿ ರ ಮತ್ತು ಝ ಒಂದೇ ಅಗಲವೇ?

ಇದಕ್ಕೆ ಉತ್ತರ ಹುಡುಕಿದ್ದು ಕಾನ್ಪುರದ ಐಐಟಿ. ಅಲ್ಲಿ 1980ರ ದಶಕದ ಮೊದಲಲ್ಲಿ ದೇವನಾಗರಿ ಟರ್ಮಿನಲ್ಲಿನಿಂದ ಶುರುವಾದ ಕೆಲಸ ಜಿಸ್ಟ್ ಎಂಬ ತಂತ್ರಜ್ಞಾನವಾಗಿ ಬೆಳೆಯಿತು, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಅದರ ಫಲ ಜಿಸ್ಟ್ ಕಾರ್ಡ್. ಪಿಸಿಯ ಖಾಲಿ ಸ್ಲಾಟಿನಲ್ಲಿ ಚುಚ್ಚಿದರೆ, ಇಂಗ್ಲಿಷಿಗೆಂದೇ ಬರೆದ ಡಾಸ್ ಪ್ರೋಗ್ರಾಮುಗಳಲ್ಲೂ ಕನ್ನಡ, ಹಿಂದಿ, ತಮಿಳು ಮೂಡುತ್ತಿತ್ತು. ಅಕ್ಷರದ ಸಂಕೇತಗಳನ್ನು ಓದಿ, ಕಾಗುಣಿತ ಕೂಡಿಸಿ, ಒತ್ತು ಜೋಡಿಸಿ ಪರದೆಗೆ ಕಳಿಸುವ ಕೆಲಸವೆಲ್ಲ ಕಾರ್ಡಿನದೇ. ಇಲ್ಲಿ ಸಾವಿರಾರು ಅಚ್ಚುಗಳ ಹಂಗಿಲ್ಲ, ಮೂಲ ವರ್ಣಗಳಿಗಷ್ಟೇ ಸಂಕೇತ, ಉಳಿದದ್ದು ಕೂಡಿಸುವ ನಿಯಮ. ಆ ಸಂಕೇತಗಳ ಪಟ್ಟಿ ಇಸ್ಕಿ ಎಂಬ ಹೆಸರಿನಲ್ಲಿ 1991ರಲ್ಲಿ ಭಾರತೀಯ ಮಾನಕವಾಯಿತು. ಯುನಿಕೋಡಿನಲ್ಲಿ ಕನ್ನಡ ಅಕ್ಷರಗಳು ಕುಳಿತಿರುವ ಕ್ರಮ ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದು, ಅಂದರೆ ನಿಮ್ಮ ಮೊಬೈಲಿನ ಕನ್ನಡಕ್ಕೂ ಆ ಕಾಲದ ಋಣವಿದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಕನ್ನಡ ಸೇರಿದಂತೆ ದಕ್ಷಿಣದ ಭಾಷೆಗಳ ಲಕ್ಷಾಂತರ ಪದಗಳ ಪಠ್ಯವನ್ನು ಕಂಪ್ಯೂಟರಿಗೆ ತುಂಬಿದ್ದೂ ಇಸ್ಕಿಯ ಕಾಲದಲ್ಲೇ.

ಕನಕನಿಗೆ ಉಡುಪಿಯಲ್ಲಿ ಒಂದು ಕಿಂಡಿ ಸಾಕಾಯಿತು. ಕನ್ನಡಕ್ಕೆ ಇಲ್ಲಿ 62 ಸಂಪರ್ಕಗಳ ಒಂದು ಸ್ಲಾಟು.

ಮೈಸೂರಿನ ಮಾತು ಬಂತು. ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು, ಪಿಸಿ ಬಂದಾಗ ಇಲ್ಲಿ ಮಾರಲು ಆ ಕಂಪನಿಯೇ ಇರಲಿಲ್ಲ. ಮತ್ತೆ ಬಂದದ್ದು 1992ರಲ್ಲಿ, ಟಾಟಾ ಜೊತೆ. ನಡುವಿನ ವರ್ಷಗಳಲ್ಲಿ ಖಾಲಿ ಜಾಗ ತುಂಬಿದ್ದು ವಿಪ್ರೊ, ಎಚ್‌ಸಿಎಲ್, ಜೆನಿತ್‌ನಂಥ ನಮ್ಮವರು. ಅಡುಗೆ ಎಣ್ಣೆ ಮಾರುತ್ತಿದ್ದ ವಿಪ್ರೊ ಕಂಪ್ಯೂಟರ್ ತಯಾರಿಸಲು ಆರಿಸಿಕೊಂಡದ್ದು ಮೈಸೂರನ್ನು. ಮೊದಲು ಮಿನಿ ಕಂಪ್ಯೂಟರ್, ಮುಂದೆ ಪಿಸಿಗಳು. ಅದರ ಪ್ರಿಂಟರ್ ವಿಭಾಗವೂ ಇಲ್ಲೇ ಬೆಳೆಯಿತು, ವೆಪ್ ಎಂಬ ಹೆಸರಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳನ್ನು ಬ್ಯಾಂಕುಗಳಲ್ಲಿ, ಅಂಗಡಿಗಳಲ್ಲಿ ನೀವು ನೋಡಿರುತ್ತೀರಿ. ನಕ್ಷೆ ಗುಟ್ಟಾಗಿದ್ದಿದ್ದರೆ ಪಿಸಿಗೆ ಹೊಂದುವ ಯಂತ್ರಗಳನ್ನು ಎಲ್ಲೆಂದರಲ್ಲಿ ಕಟ್ಟಲು ಆಗುತ್ತಿರಲಿಲ್ಲ. ಬಯಾಸಿನ ಮೇಲೆ ಐಬಿಎಂಗೆ ಹಕ್ಕಿತ್ತು ನಿಜ. ಕಾಂಪ್ಯಾಕ್ ಮುಂತಾದವರು ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೆ ಪ್ರೋಗ್ರಾಮನ್ನು ಹೊಸದಾಗಿ ಬರೆದು ಆ ತಡೆಯನ್ನೂ ದಾಟಿದರು. 1984ರ ಕೊನೆಗೆ ಕೇಂದ್ರ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಬಂದು ಬಿಡಿಭಾಗಗಳ ಆಮದು ಸಲೀಸಾದ ಮೇಲೆ ದೇಶದಲ್ಲಿ ಪಿಸಿಗಳ ಸಂಖ್ಯೆ ಏರಿತು. ಬಿಡಿಭಾಗ ತಂದು ಜೋಡಿಸಿ ಕೊಡುವ ಅಂಗಡಿಗಳು, ರಿಪೇರಿ ಕಲಿಸುವ ಹಾರ್ಡ್‌ವೇರ್ ಕೋರ್ಸುಗಳು, ಅದನ್ನು ಕಲಿತು ಹೊಟ್ಟೆ ಹೊರೆದ ನಮ್ಮ ಅಣ್ಣಂದಿರು, ಮಾವಂದಿರು ಎಲ್ಲ ಆಮೇಲಿನವರು.

ಅತ್ತ ಬೋಕಾ ರೇಟನ್‌ನಲ್ಲಿ ಎಸ್ಟ್ರಿಜ್ ಅವರ ಹನ್ನೆರಡು ಜನರ ತಂಡ 1984ರ ಹೊತ್ತಿಗೆ ಹತ್ತು ಸಾವಿರ ಜನರ ಹತ್ತಿರ ಬೆಳೆದಿತ್ತು. ಅವರು ಆ ಇಡೀ ವಿಭಾಗದ ಅಧ್ಯಕ್ಷರು. ಸ್ಟೀವ್ ಜಾಬ್ಸ್ ಅವರನ್ನು ಆಪಲ್ ಕಂಪನಿಯ ಅಧ್ಯಕ್ಷರಾಗಿ ಬನ್ನಿ ಎಂದು ಲಕ್ಷಾಂತರ ಡಾಲರಿನ ಆಸೆ ತೋರಿಸಿ ಕರೆದದ್ದೂ ಈ ಕಾಲದಲ್ಲೇ. ಹೋಗಲಿಲ್ಲ. ವರ್ಷಕ್ಕೊಂದು ಕಂಪನಿ ಬದಲಿಸಿದರೇ ಸಂಬಳ ಏರುವುದು ಎಂದು ನಂಬಿರುವ ನನ್ನ ಗೆಳೆಯರಿಗೆ ಇದು ಅರ್ಥವಾಗುವುದು ಕಷ್ಟ.

ಎಲ್ಲವೂ ಗೆಲುವೇ ಆಗಿರಲಿಲ್ಲ. ಮನೆಗಳಿಗೆಂದು 1983ರ ನವೆಂಬರಿನಲ್ಲಿ ಪ್ರಕಟಿಸಿದ ಪಿಸಿ ಜೂನಿಯರ್ ಮುಗ್ಗರಿಸಿತು. ಅದರ ಪರದೆ ಸಿಜಿಎಗಿಂತ ಚೆನ್ನಾಗಿತ್ತು, 320 ಅಡ್ಡ 200 ಉದ್ದದಲ್ಲಿ ಹದಿನಾರು ಬಣ್ಣ. ಆದರೆ ಚ್ಯೂಯಿಂಗ್ ಗಮ್ ತುಂಡುಗಳಂಥ ಕೀಲಿಗಳ ಕೀಬೋರ್ಡನ್ನು ಜನ ಮೆಚ್ಚಲಿಲ್ಲ, ದೊಡ್ಡ ಪಿಸಿಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಕಿಂಡಿಯಿಂದ ಹೆಸರು ಮಾಡಿದವರೇ ಈ ಯಂತ್ರದಲ್ಲಿ ಕಿಂಡಿ ಚಿಕ್ಕದು ಮಾಡಿದ್ದರು. 1985ರ ಮಾರ್ಚಿಗೆ ಅದರ ತಯಾರಿಕೆ ನಿಂತಿತು. ಅದೇ ಹೊತ್ತಿಗೆ ಎಸ್ಟ್ರಿಜ್ ಅವರನ್ನು ಪಿಸಿ ವಿಭಾಗದಿಂದ ತೆಗೆದು, ಕಂಪನಿಯ ತಯಾರಿಕೆಯ ಉಪಾಧ್ಯಕ್ಷರನ್ನಾಗಿ ಮಾಡಿದರು. ಅವರ ಕುರ್ಚಿಗೆ ಮರಳಿ ಬಂದದ್ದು ಬಿಲ್ ಲೋವ್. ಕಾಗದದ ಮೇಲೆ ಅದು ಬಡ್ತಿ.

ಹೊಸ ಹುದ್ದೆಯಲ್ಲಿ ಇನ್ನೂ ಐದು ತಿಂಗಳೂ ತುಂಬಿರಲಿಲ್ಲ. 1985ರ ಆಗಸ್ಟ್ 2ರಂದು ಎಸ್ಟ್ರಿಜ್ ದಂಪತಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಡೆಲ್ಟಾ ವಿಮಾನ ಸಂಖ್ಯೆ 191 ಹತ್ತಿದರು. ಡಲ್ಲಾಸ್‌ನಲ್ಲಿ ಇಳಿಯುವ ಹೊತ್ತಿಗೆ ನಿಲ್ದಾಣದ ಅಂಚಿನಲ್ಲಿ ಗುಡುಗು ಮಳೆ. ಮೋಡದಿಂದ ನೆಲಕ್ಕೆ ರಭಸವಾಗಿ ಅಪ್ಪಳಿಸಿದ ಗಾಳಿಯ ಹೊಡೆತಕ್ಕೆ ಸಿಕ್ಕ ವಿಮಾನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿಯಿತು. ಸತ್ತವರು 137 ಮಂದಿ. ಅವರಲ್ಲಿ ಐಬಿಎಂನ ಇನ್ನೂ ಹಲವು ನೌಕರರು, ಅವರ ಮನೆಯವರು ಇದ್ದರು. ಎಸ್ಟ್ರಿಜ್ ಅವರಿಗೆ ಆಗ 48 ವರ್ಷ. ನಾಲ್ವರು ಹೆಣ್ಣುಮಕ್ಕಳು ಒಂದೇ ದಿನ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು.

ಎರಡು ವರ್ಷದ ನಂತರ, 1987ರ ಏಪ್ರಿಲಿನಲ್ಲಿ, ಐಬಿಎಂ ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳನ್ನು ತಂದಿತು. ಅದರಲ್ಲಿ ಎರಡು ಹೊಸತು ಇದ್ದವು. ಒಂದು, ಪರದೆಯ ಹೊಸ ಮಾನದಂಡ ವಿಜಿಎ. 640 ಅಡ್ಡ, 480 ಉದ್ದ, ಹದಿನಾರು ಬಣ್ಣ, 15 ಪಿನ್ನಿನ ಪುಟ್ಟ ಕನೆಕ್ಟರ್. ಇನ್ನೊಂದು, ಸ್ಲಾಟಿನ ಹೊಸ ಪದ್ಧತಿ ಮೈಕ್ರೋ ಚಾನೆಲ್. ಹಳೆಯ ಕಾರ್ಡುಗಳು ಇದರಲ್ಲಿ ಕೂರುವುದಿಲ್ಲ, ಇಂಥ ಯಂತ್ರ ಮಾಡಬಯಸುವ ಬೇರೆ ಕಂಪನಿಗಳು ಐಬಿಎಂಗೆ ಹಣ ಕಟ್ಟಿ ಪರವಾನಗಿ ಪಡೆಯಬೇಕು. ಎಸ್ಟ್ರಿಜ್ ತೆರೆದಿಟ್ಟಿದ್ದ ಬಾಗಿಲಿಗೆ ಕಂಪನಿ ಬೀಗ ಹಾಕಲು ಹೊರಟಿತ್ತು. ಆದರೆ ಅಷ್ಟರಲ್ಲಿ ಮನೆಯೊಳಗೆ ಬಂದವರು ಬಹಳ ಜನ ಇದ್ದರು. ಕಾಂಪ್ಯಾಕ್ ಮತ್ತಿತರ ಒಂಬತ್ತು ಕಂಪನಿಗಳು 1988ರಲ್ಲಿ ಒಟ್ಟುಗೂಡಿ, ಹಳೆಯ ಕಾರ್ಡುಗಳೂ ಹೊಂದುವ ತಮ್ಮದೇ ಸ್ಲಾಟನ್ನು ಪ್ರಕಟಿಸಿದವು. ಹಳೆಯ ಸ್ಲಾಟಿನ ಅಗ್ಗದ ಯಂತ್ರಗಳೂ ಮಾರಾಟವಾಗುತ್ತಲೇ ಹೋದವು. ಮೈಕ್ರೋ ಚಾನೆಲ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು.

ವಿಜಿಎ ಮಾತ್ರ ಗೆದ್ದಿತು, ಅದೂ ಹೇಗೆ? ಬೇರೆ ಕಂಪನಿಗಳು ವಿಜಿಎಗೆ ಹೊಂದುವ ಕಾರ್ಡುಗಳನ್ನು ಮಾಡಿ, ಎಸ್ಟ್ರಿಜ್ ಕಾಲದ ಹಳೆಯ ಸ್ಲಾಟಿನಲ್ಲೇ ಚುಚ್ಚುವಂತೆ ಅಗ್ಗಕ್ಕೆ ಮಾರಿದ್ದರಿಂದ. ವಿಂಡೋಸ್ ಬಂದು ಅಕ್ಷರಗಳನ್ನೆಲ್ಲ ಚುಕ್ಕಿಚುಕ್ಕಿಯಾಗಿ ಬರೆಯತೊಡಗಿದ ಮೇಲೆ ಕನ್ನಡಕ್ಕೆ ಪ್ರತ್ಯೇಕ ಕಾರ್ಡು ಬೇಕಾಗಲಿಲ್ಲ, 1998ರಲ್ಲಿ ಬಂದ ಬರಹದಂಥ ತಂತ್ರಾಂಶಗಳು ಸಾಕಾದವು. ಸೆಮಿನಾರ್ ಹಾಲಿನ ಹಳೆಯ ಪ್ರೊಜೆಕ್ಟರಿಗೆ ಜೋಡಿಸುವ ನೀಲಿ ತಲೆಯ, ಎರಡು ಬದಿ ತಿರುಪು ಇರುವ ಕೇಬಲ್ ಇದೆಯಲ್ಲ, ಅದು ಆ 15 ಪಿನ್ನಿನ ವಿಜಿಎಯೇ. ಬೋಕಾ ರೇಟನ್‌ನಲ್ಲಿ ಒಂದು ಮಾಧ್ಯಮಿಕ ಶಾಲೆಗೆ ಡಾನ್ ಎಸ್ಟ್ರಿಜ್ ಅವರ ಹೆಸರಿಟ್ಟಿದ್ದಾರೆ.